ಆಪತ್ಕಾಲದಲ್ಲಿ ಹರಿಯ ನೆರವು

॥ ಶ್ರೀಲಕ್ಷ್ಮೀನೃಸಿಂಹಾಯ ನಮಃ ॥

ವೈಶಾಖ ಶುದ್ಧ ಚತುರ್ದಶಿಯು ಶ್ರೀನೃಸಿಂಹಜಯಂತಿಯ ಪುಣ್ಯದಿನ. ವಿಜಯಪುರ ಸೀಮೆಯವರಾದ ನಮಗೆ ಈ ಪರ್ವವು ಒದಗುವುದು ಬಿಸಿಲು ಅತಿ ಪ್ರಖರವಾಗಿರುವ ಕಾಲದಲ್ಲಿ. ಬಾವಿಗಳ ತಳ ಕಾಣುವುದೂ, ಒಕ್ಕಲಿಗನು ಆಕಾಶವನ್ನು ನೋಡುತ್ತ ಕೂಡುವುದೂ ಆ ದಿನಗಳಲ್ಲಿಯೇ. ವಿಜಯಪುರದಿಂದ ಅಥಣಿಯ ಹಾದಿ ಹಿಡಿದು ತಿಕೋಟಾಕ್ಕೆ ಹೊರಟವರಿಗೆ ಮೊದಲು ತೊರವಿ ಸಿಗುತ್ತದೆ. ಅಲ್ಲಿಯ ನೃಸಿಂಹನ ಗುಡಿಯು ನೆಲದ ಮಟ್ಟಕ್ಕಿಂತ ಕೆಳಗಿದೆ. ಕುಮಾರವಾಲ್ಮೀಕಿಯು ಈ ಸ್ವಾಮಿಯನ್ನೇ ಆರಾಧ್ಯದೈವವಾಗಿಟ್ಟುಕೊಂಡು ಕನ್ನಡದಲ್ಲಿ ರಾಮಾಯಣವನ್ನು ರಚಿಸಿದನು. ಅದಕ್ಕೆ ತೊರವೆ ರಾಮಾಯಣವೆಂಬ ಹೆಸರು ಬಂದುದು ಈ ಕ್ಷೇತ್ರದಿಂದಲೇ. ಉರಿಯುವ ಬಿಸಿಲಿನಿಂದ ಕೆಳಗಿಳಿದವನಿಗೆ ಮೊದಲು ಕತ್ತಲೆಯ ಹೊರತು ಏನೂ ಕಾಣುವುದಿಲ್ಲ. ಕಣ್ಣು ಒಂದಿಷ್ಟು ಪಳಗಿದ ಮೇಲೆ ನಂದಾದೀಪ ಕಾಣುತ್ತದೆ, ಅನಂತರ ಸ್ವಾಮಿ ಕಾಣುತ್ತಾನೆ. ಸ್ವಾಮಿಯಾದರೋ ಮೊದಲಿನಿಂದಲೂ ಅಲ್ಲಿಯೇ ಇದ್ದವನು. ಈ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವ ವಿಷಯವೂ ಇದೇ ಆಗಿದೆ.

ತಿಕೋಟಾ ಸೀಮೆಯಲ್ಲಿ ಇಂದು ದ್ರಾಕ್ಷಿಯೇ ಅನೇಕ ಕುಟುಂಬಗಳ ಜೀವನಾಧಾರ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಬಾರಿ ಬಳ್ಳಿ ಕತ್ತರಿಸಿ, ಬೇಸಿಗೆಯಲ್ಲಿ ನೀರು ಸಾಲದಾದಾಗ ಟ್ಯಾಂಕರಿನಿಂದ ನೀರು ತಂದು ಉಣಿಸಿ, ಮಗುವಿನಂತೆ ಅದನ್ನು ಸಾಕಬೇಕು. ಹಣ್ಣನ್ನು ಕಡಿದು, ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡಿದ ಬಳಿಕವೂ ನಿಶ್ಚಿಂತೆಯಿಲ್ಲ. ಒಣಗುವ ಹೊತ್ತಿಗೆ ಅಕಾಲದ ಮಳೆ ಸುರಿದರೆ ಮಣೂಕದ ಬಣ್ಣ ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ, ಧಾರಣೆ ಕುಸಿಯುತ್ತದೆ. ಸಾಲ ಮಾತ್ರ ಹಾಗೆಯೇ ನಿಲ್ಲುತ್ತದೆ. ಇಂತಹ ವರ್ಷಗಳಲ್ಲಿ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದೇ ಹಾದಿಯ ಎಡಬಲದಲ್ಲಿ ಎರಡು ತೋಟಗಳು. ಎರಡರ ಒಡೆಯರೂ ಅದೇ ದೇವರಿಗೆ ಕೈಮುಗಿದವರು. ಆಲಿಕಲ್ಲಿನ ಮಳೆ ಒಂದನ್ನು ಹೊಡೆದು ಇನ್ನೊಂದನ್ನು ಬಿಟ್ಟು ಹೋದರೆ ದೇವರು ಯಾರ ಸಂಗಡ ಇದ್ದನೆಂದು ತಿಳಿಯಬೇಕು?

ಈ ಪ್ರಶ್ನೆಯನ್ನು ನಾಸ್ತಿಕತನವೆಂದು ಗದರಿಸಿ ಬಿಡುವುದು ಯೋಗ್ಯವಲ್ಲ. ಬೆಂದ ಮನಸ್ಸಿನಿಂದ ಬಂದ ಪ್ರಶ್ನೆಗೆ ಶಾಸ್ತ್ರವು ಉತ್ತರ ಹೇಳಲೇಬೇಕು. ಆದರೆ ಸುಲಭವಾದ ಎರಡು ಉತ್ತರಗಳನ್ನು ನಾವು ಮೊದಲೇ ದೂರವಿಡಬೇಕು. ಪೆಟ್ಟು ತಿಂದವನಲ್ಲಿ ಭಕ್ತಿ ಕಡಿಮೆಯಿತ್ತು ಎಂಬುದು ಒಂದು. ದೇವರಿಗೂ ನಮ್ಮ ಸುಖದುಃಖಗಳಿಗೂ ಸಂಬಂಧವೇ ಇಲ್ಲ ಎಂಬುದು ಇನ್ನೊಂದು. ಮೊದಲನೆಯದು ಕ್ರೂರವಾದುದು, ಎರಡನೆಯದು ನಮ್ಮ ಸಿದ್ಧಾಂತಕ್ಕೆ ವಿರುದ್ಧವಾದುದು. ಈ ಎರಡರ ಮೂಲದಲ್ಲಿಯೂ ಒಂದೇ ತಪ್ಪು ತಿಳಿವಳಿಕೆ ಇದೆ. ನಾವು ಇಷ್ಟು ಸೇವೆ ಸಲ್ಲಿಸಿದರೆ ಹರಿಯು ಇಷ್ಟು ಫಲ ಕೊಡಬೇಕೆಂಬ ಲೆಕ್ಕವೇ ಆ ತಪ್ಪು.

ಪ್ರಹ್ಲಾದರಾಜರ ಚರಿತ್ರೆಯು ಈ ಲೆಕ್ಕವನ್ನು ಒಪ್ಪುವುದಿಲ್ಲ. ಅವರಿಗಿಂತ ಮಿಗಿಲಾದ ಭಕ್ತಿಯನ್ನು ನಾವು ಎಲ್ಲಿ ತರೋಣ? ಆದರೂ ಅವರನ್ನು ಆನೆಗಳಿಂದ ತುಳಿಸಿದರು, ಸರ್ಪಗಳಿಂದ ಕಚ್ಚಿಸಿದರು, ವಿಷವಿಟ್ಟರು, ಬೆಟ್ಟದಿಂದ ತಳ್ಳಿದರು, ಉಪವಾಸ ಕೆಡವಿದರು. ಭಕ್ತಿಯಿದ್ದುದರಿಂದ ಸಂಕಟವು ಬಾರದೆ ಹೋಗಲಿಲ್ಲ. ಭಕ್ತಿಯಿದ್ದ ಕಾರಣದಿಂದಲೇ ಅದು ಬಂದಿತು. ಕಂಬದ ಪ್ರಸಂಗವನ್ನು ಇಲ್ಲಿ ಸೂಕ್ಷ್ಮವಾಗಿ ನೋಡಬೇಕು. ಈ ಕಂಬದಲ್ಲಿಯೂ ನಿನ್ನ ಹರಿಯಿದ್ದಾನೆಯೇ ಎಂದು ತಂದೆ ಕೇಳಿದಾಗ ಕಂಬ ಇನ್ನೂ ಒಡೆದಿರಲಿಲ್ಲ. ಕಂಬ ಒಡೆದ ಮೇಲೆ ಹರಿ ಬಂದನೆಂಬುದು ಹಿರಣ್ಯಕಶಿಪುವಿನ ಅನುಭವ. ಒಡೆಯುವ ಮೊದಲೇ ಅವನು ಇದ್ದನೆಂಬುದು ಪ್ರಹ್ಲಾದರ ನಿಶ್ಚಯ. ಸಹಾಯವು ಕಂಡ ಬಳಿಕ ನಂಬುವುದಕ್ಕೆ ಭಕ್ತನೇ ಆಗಬೇಕೆಂದಿಲ್ಲ.

ಮುಂದೆ ಸ್ವಾಮಿಯು ಪ್ರಸನ್ನನಾಗಿ ವರ ಬೇಡೆಂದಾಗ ಪ್ರಹ್ಲಾದರು ಆಡಿದ ಮಾತು ಶ್ರೀಮದ್ಭಾಗವತದ ಸಪ್ತಮಸ್ಕಂಧದಲ್ಲಿದೆ. ಒಡೆಯನಿಂದ ಲಾಭವನ್ನು ಬಯಸಿ ಸೇವೆ ಮಾಡುವವನು ಸೇವಕನಲ್ಲ, ವ್ಯಾಪಾರಿ ಎಂಬುದು ಅದರ ತಾತ್ಪರ್ಯ. ಹರಕೆ ಹೊರುವುದು ತಪ್ಪೆಂದು ಇದರಿಂದ ನಾವು ಹೇಳಹೊರಟಿಲ್ಲ. ಆರ್ತನಾದವನು ತಂದೆಯಲ್ಲಿ ಬೇಡದೆ ಮತ್ತಾರಲ್ಲಿ ಬೇಡಿಯಾನು? ಆದರೆ ಬೇಡಿದುದು ಕೈಸೇರದಿದ್ದಾಗ ಸಂಬಂಧವೇ ಮುರಿಯಿತೆಂದು ಎಣಿಸುವವನು ತಾನು ಮಾಡಿದುದು ವ್ಯಾಪಾರವೆಂದು ತಾನೇ ಒಪ್ಪಿಕೊಂಡಂತಾಯಿತು. ಶ್ರೀಮದಾಚಾರ್ಯರು ಭಕ್ತಿಯ ಲಕ್ಷಣವನ್ನು ಹೇಳುವಾಗ ಹರಿಯ ಮಹಿಮೆಯನ್ನು ಅರಿತು ಅವನಲ್ಲಿ ಇಡುವ, ಎಲ್ಲಕ್ಕೂ ಮಿಗಿಲಾದ, ಅಲುಗಾಡದ ಸ್ನೇಹವೇ ಭಕ್ತಿಯೆಂದು ನಿರ್ಣಯಿಸಿದ್ದಾರೆ. ಪೈರು ಬಂದ ವರ್ಷ ಇದ್ದು ಬಾರದ ವರ್ಷ ಹೋಗುವುದನ್ನು ಅಲುಗಾಡದ ಸ್ನೇಹವೆನ್ನಲಾದೀತೇ?

ಹಾಗಾದರೆ ಎಲ್ಲವನ್ನೂ ಹರಿಗೆ ಬಿಟ್ಟು ಸುಮ್ಮನೆ ಕೂಡಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದೂ ಸಲ್ಲದು. ಶ್ರೀಕೃಷ್ಣನು ಅರ್ಜುನನಿಗೆ ತನ್ನನ್ನು ಸ್ಮರಿಸೆಂದೂ ಯುದ್ಧ ಮಾಡೆಂದೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕಾರ್ಯಸಿದ್ಧಿಗೆ ಐದು ಕಾರಣಗಳನ್ನು ಎಣಿಸಲಾಗಿದೆ. ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ದೈವವನ್ನು ಎಣಿಸಿದ ಮಾತ್ರಕ್ಕೆ ಮಿಕ್ಕ ನಾಲ್ಕನ್ನು ಅಳಿಸಿಲ್ಲ. ಜೀವನು ಕರ್ತೃವೇ ಹೌದು, ಆದರೆ ಸ್ವತಂತ್ರ ಕರ್ತೃವಲ್ಲ; ಅವನ ಕರ್ತೃತ್ವವು ಹರಿಯ ಅಧೀನ ಎಂಬುದು ನಮ್ಮ ಸಿದ್ಧಾಂತ. ಗಜೇಂದ್ರನನ್ನೇ ನೋಡಿರಿ. ಬಲವೆಲ್ಲ ಉಡುಗಿದ ಮೇಲೂ ಅವನು ಸೊಂಡಿಲಿನಲ್ಲಿ ಒಂದು ಕಮಲವನ್ನು ಎತ್ತಿ ಹಿಡಿದನು. ಅವನು ಬಿಟ್ಟುದು ತನ್ನ ಬಲದ ಅಹಂಕಾರವನ್ನು ಮಾತ್ರ. ತನ್ನಿಂದ ಆಗುವ ಕೊನೆಯ ಪ್ರಯತ್ನವನ್ನು ಬಿಡಲಿಲ್ಲ.

ಇನ್ನು ಹರಿಯ ಸನ್ನಿಧಾನವೆಂದರೇನು ಎಂಬುದನ್ನು ತಿಳಿಯಬೇಕು. ಹಗಲಿರುಳು ಸೇರಿ 21,600 ಶ್ವಾಸಗಳು ನಡೆಯುವವೆಂದೂ, ಒಂದೊಂದು ಶ್ವಾಸದಲ್ಲಿಯೂ ಮುಖ್ಯಪ್ರಾಣದೇವರು ನಮ್ಮೊಳಗಿದ್ದು ಹಂಸಮಂತ್ರದ ಜಪವನ್ನು ನಡೆಸುತ್ತಿರುವರೆಂದೂ ನಮ್ಮ ಹಿರಿಯರು ಕಲಿಸಿದ್ದಾರೆ. ನಿದ್ರೆ ಬಾರದ ರಾತ್ರಿಯಲ್ಲಿ ಸಾಲದ ಮೊತ್ತವನ್ನು ಎಣಿಸುತ್ತ ಮಲಗಿದವನ ಉಸಿರಿನಲ್ಲಿಯೂ ಆ ಜಪವು ನಿಂತಿರುವುದಿಲ್ಲ. ಅವನು ಒಬ್ಬಂಟಿಗನೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹೃದಯಗುಹೆಯಲ್ಲಿರುವ ಬಿಂಬರೂಪಿಯಾದ ಹರಿಯು ಕರೆದಾಗ ಎಲ್ಲಿಂದಲೋ ಬರಬೇಕಾದವನಲ್ಲ. ತೊರವಿಯ ಗುಡಿಯಲ್ಲಿ ಕಣ್ಣು ಪಳಗುವ ತನಕ ತಾಳಿಕೊಂಡಂತೆ ಇಲ್ಲಿಯೂ ತಾಳಿಕೊಳ್ಳಬೇಕಾಗುತ್ತದೆ.

ಒಳಗಿರುವ ಆ ಹರಿಯೇ ಬಹುಪಾಲು ಸಂದರ್ಭಗಳಲ್ಲಿ ಹೊರಗಿನ ಮನುಷ್ಯರ ಮೂಲಕ ನೆರವಾಗುತ್ತಾನೆ. ನಮ್ಮ ಬಬಲೇಶ್ವರ ಸೀಮೆಯ ಕಾಖಂಡಕಿಯ ಶ್ರೀಮಹೀಪತಿದಾಸರ ಚರಿತ್ರೆ ಇದಕ್ಕೆ ಸಾಕ್ಷಿ. ಹದಿನೇಳನೆಯ ಶತಮಾನದಲ್ಲಿ ವಿಜಾಪುರದ ಆದಿಲಶಾಹಿ ದರ್ಬಾರಿನಲ್ಲಿ ಉನ್ನತ ಅಧಿಕಾರದಲ್ಲಿದ್ದ ಅವರ ಕೈಯ ಮುದ್ರೆಯುಂಗುರವನ್ನು ಒಬ್ಬ ಫಕೀರನು ನೀರಿಗೆಸೆದು ಅವರ ಕಣ್ಣು ತೆರೆಯಿಸಿದನೆಂದೂ, ಅನಂತರ ಅವರು ಸಾರವಾಡದ ಭಾಸ್ಕರಸ್ವಾಮಿಗಳಲ್ಲಿ ಉಪದೇಶ ಪಡೆದರೆಂದೂ ಪರಂಪರೆಯಲ್ಲಿ ಹೇಳುತ್ತಾರೆ. ಹರಿಯು ಅವರಿಗೆ ಕಳುಹಿಸಿದ ಮೊದಲ ನೆರವು ನಷ್ಟದ ರೂಪದಲ್ಲಿತ್ತು, ಪರಮತದವನೊಬ್ಬನ ಕೈಯಿಂದ ಬಂದಿತು. ಆ ದರ್ಬಾರು 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಸೋತು ಅಳಿಯಿತು. ದಾಸರ ಪದಗಳು ಇಂದಿಗೂ ಭಜನೆಗಳಲ್ಲಿ ನಡೆದು ಬಂದಿವೆ.

ನಮ್ಮ ಕಾಲದ ನೆರವನ್ನೂ ಹೀಗೆಯೇ ನೋಡಬೇಕು. 1876ರಿಂದ 1878ರ ವರೆಗಿನ ಮಹಾಕ್ಷಾಮವೂ 1972ರ ಬರಗಾಲವೂ ಈ ಜಿಲ್ಲೆಯನ್ನು ಹಿಂಡಿದ ಸಂಗತಿಗಳು. ಈಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಕೃಷ್ಣೆಯ ನೀರು ನಮ್ಮ ಒಣಭೂಮಿಯ ಕೆರೆಗಳಿಗೆ ಹರಿದಿದೆ. ಇದು ಹರಿಯ ಕೃಪೆಯೇ ಸರಿ. ಆದರೆ ಈ ಜಿಲ್ಲೆಗೆ ಕೃಷ್ಣೆಯನ್ನು ತರಲೆಂದು ಆಲಮಟ್ಟಿಯಲ್ಲಿ ನಿಲ್ಲಿಸಿದ ನೀರಿನಲ್ಲಿ ಎಷ್ಟೋ ಗ್ರಾಮಗಳೂ ಹಳೆಯ ಬಾಗಲಕೋಟೆಯ ದೊಡ್ಡ ಭಾಗವೂ ಮುಳುಗಿದವು. ತುಲಸೀಕಟ್ಟೆಯನ್ನೂ ದೇವರಮನೆಯನ್ನೂ ಬಿಟ್ಟು ಎದ್ದು ಹೋದವರಿದ್ದಾರೆ. ನಮಗೆ ಕೃಪೆಯಾಗಿ ಬಂದುದು ಮತ್ತೊಬ್ಬರ ತ್ಯಾಗವಾಗಿತ್ತು. ಹಾಗಿರುವಾಗ ನಮ್ಮ ಕೆರೆ ತುಂಬಿದುದು ನಮ್ಮ ಪುಣ್ಯದಿಂದ, ಅವರ ಮನೆ ಮುಳುಗಿದುದು ಅವರ ಪಾಪದಿಂದ ಎಂದು ಹೇಳುವ ಎದೆ ಯಾರಿಗಿದೆ?

ಇಲ್ಲಿ ಮೊದಲಿನ ಪ್ರಶ್ನೆಗೆ ಮರಳುತ್ತೇವೆ. ಆಲಿಕಲ್ಲು ಬಿದ್ದ ತೋಟಕ್ಕೂ ಬೀಳದ ತೋಟಕ್ಕೂ ಇರುವ ಭೇದದ ಕಾರಣವು ಅನಾದಿಯಾದ ಕರ್ಮದಲ್ಲಿದೆ; ಅದನ್ನು ಬಲ್ಲವನು ಸರ್ವಜ್ಞನೊಬ್ಬನೇ. ಹರಿಯು ನಿರ್ದೋಷನು, ಅವನಲ್ಲಿ ಪಕ್ಷಪಾತವಿಲ್ಲ ಎಂಬಷ್ಟೇ ನಮಗೆ ತಿಳಿದುದು. ಯಾರ ಯಾವ ಕರ್ಮ ಯಾವಾಗ ಫಲಿಸಿತೆಂದು ಓದುವ ಕಣ್ಣು ನಮಗಿಲ್ಲ. ಆದುದರಿಂದ ಕರ್ಮದ ಮಾತನ್ನು ನಾವು ನಮ್ಮ ಕಷ್ಟಕ್ಕೆ ಮಾತ್ರ ಹೇಳಿಕೊಳ್ಳಬೇಕು. ಆಗ ಅದು ತಾಳ್ಮೆಯನ್ನು ಕೊಡುತ್ತದೆ. ಪರರ ಕಷ್ಟಕ್ಕೆ ಅದನ್ನೇ ಹೇಳಿದರೆ ಅದು ನಮ್ಮ ಕೈಗಳನ್ನು ಕಟ್ಟಿಹಾಕುವ ನೆವವಾಗುತ್ತದೆ. ಪರರು ಕಷ್ಟದಲ್ಲಿರುವಾಗ ನಮಗೆ ಉಳಿದಿರುವುದು ಕರ್ತವ್ಯವೊಂದೇ. ದೀನರಾದ ಈ ಜನರನ್ನು ಬಿಟ್ಟು ತಾನೊಬ್ಬನೇ ಮುಕ್ತನಾಗಲಾರೆನೆಂದು ಬಿನ್ನವಿಸಿದವರೂ ಆ ಪ್ರಹ್ಲಾದರಾಜರೇ ಅಲ್ಲವೇ?

ಉಳಿದ ತೋಟದವನು ಕೆಟ್ಟ ತೋಟದವನ ಮನೆಯ ಬಾಗಿಲಿಗೆ ಹೋದ ದಿನ, ದೇವರು ಯಾರ ಸಂಗಡ ಇದ್ದನೆಂಬ ಪ್ರಶ್ನೆಗೆ ಉತ್ತರ ದೊರೆತಂತೆ. ಹರಿಯು ಇಬ್ಬರಲ್ಲಿಯೂ ಇದ್ದನು. ಒಬ್ಬನಲ್ಲಿ ತಾಳುವ ಶಕ್ತಿಯಾಗಿ ನಿಂತನು, ಇನ್ನೊಬ್ಬನಲ್ಲಿ ಕೊಡುವ ಪ್ರೇರಣೆಯಾಗಿ ನಿಂತನು. ಆ ಪ್ರೇರಣೆಯನ್ನು ಕೇಳಿಯೂ ಕೇಳದವನಂತೆ ಕುಳಿತವನು ಹರಿಯ ನೆರವು ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಸಜ್ಜನರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಕಷ್ಟದಲ್ಲಿರುವವರು ಅದನ್ನು ಮನೆಯವರಿಂದ ಮುಚ್ಚಿಟ್ಟು ಒಳಗೊಳಗೇ ಬೇಯಬಾರದು. ಪೈರು ಕೆಟ್ಟುದು, ಸಾಲ ಬೆಳೆದುದು ಅಪಮಾನದ ಸಂಗತಿಯಲ್ಲ. ಜೀವದ ಮೇಲೆಯೇ ಬೇಸರ ಬಂದ ಗಳಿಗೆಯಲ್ಲಿ ಹೆಂಡತಿಯಲ್ಲಿಯೋ ಅಣ್ಣತಮ್ಮಂದಿರಲ್ಲಿಯೋ ನೆರೆಯವರಲ್ಲಿಯೋ ಬಾಯಿಬಿಟ್ಟು ಹೇಳುವುದೂ ಶರಣಾಗತಿಯ ಒಂದು ಅಂಗವೆಂದೇ ನಾವು ತಿಳಿಯುತ್ತೇವೆ. ಈ ದೇಹವು ಹರಿಯ ಮಂದಿರ. ಅದನ್ನು ಕೆಡಹುವ ಅಧಿಕಾರ ನಮಗಿಲ್ಲ. ಸುಖದಲ್ಲಿರುವವರು ಜಯಂತಿಯ ದಿನ ಸಂಜೆಯ ಪೂಜೆಗೆ ಬರುವ ಮೊದಲು, ಈ ವರ್ಷ ಪೆಟ್ಟು ತಿಂದ ಒಂದು ಮನೆಗೆ ಹೋಗಿ ಬರಲಿ. ಉಪದೇಶ ಬೇಡ, ಕೈಲಾದುದನ್ನು ಕೊಟ್ಟು, ಒಂದಿಷ್ಟು ಹೊತ್ತು ಕುಳಿತು ಬಂದರೆ ಸಾಕು. ಆಮೇಲೆ ಮಂಗಳಾರತಿಯ ಬೆಳಕಿನಲ್ಲಿ ನೃಸಿಂಹನ ಮುಖವನ್ನು ನೋಡುವಾಗ, ಕಂಬದೊಳಗಿದ್ದವನು ಯಾರೆಂಬುದು ನಮಗೂ ಸ್ವಲ್ಪ ತಿಳಿದೀತು.

॥ ಶ್ರೀಕೃಷ್ಣಾರ್ಪಣಮಸ್ತು ॥