ನಿಷ್ಠೆ ಯಾರಿಗೆ ಸಲ್ಲಬೇಕು?

ಓದುಗ ಬಂಧುಗಳೇ, ನಾವು ಮನಸಾರೆ ಪ್ರೀತಿಸುವ ಒಂದು ಸಂಸ್ಥೆಯು ಅದನ್ನು ನಡೆಸುವವರ ಕೈಯಲ್ಲಿಯೇ ಕುಸಿಯುತ್ತಿರುವಾಗ ನಮ್ಮ ಕರ್ತವ್ಯವೇನು? ಮೌನವಾಗಿದ್ದು ಕೈಲಾದ ನೆರವು ನೀಡುವುದೇ? ಎದ್ದುನಿಂತು ಲೆಕ್ಕ ಕೇಳುವುದೇ? ಅಥವಾ ಬೇಸತ್ತು ದೂರ ಸರಿಯುವುದೇ? ಈ ಪ್ರಶ್ನೆಯನ್ನು ವಿಚಾರ ಮಾಡಲು ಇಂಗ್ಲೆಂಡಿನ ಒಂದು ರಗ್ಬಿ ಲೀಗ್ ಕ್ಲಬ್ಬಿನ ಕಥೆಯನ್ನು ತಮ್ಮ ಮುಂದಿಡುತ್ತೇನೆ. ದೂರದ ದೇಶದ ಆಟದ ಮಾತು ತಾನೇ ಎಂದು ಪುಟ ತಿರುವದಿರಿ. ಹಲವರು ಕೂಡಿ ಕಟ್ಟಿದ ಸಂಸ್ಥೆ ಯಾವುದೇ ಇರಲಿ, ಅದರ ಆಡಳಿತವನ್ನು ಕುರಿತ ನೋವು ಎಲ್ಲ ಕಡೆಯೂ ಒಂದೇ ಬಗೆಯದು.

ರಗ್ಬಿ ಲೀಗ್ ಹುಟ್ಟಿದ್ದೇ ಒಂದು ನ್ಯಾಯದ ಪ್ರಶ್ನೆಯಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಮತ್ತು ಲ್ಯಾಂಕಾಷೈರ್ ಸೀಮೆಗಳಲ್ಲಿ ರಗ್ಬಿ ಆಡುತ್ತಿದ್ದವರಲ್ಲಿ ಅನೇಕರು ಗಣಿ ಹಾಗೂ ಗಿರಣಿಗಳ ಕಾರ್ಮಿಕರು. ಆಟಕ್ಕಾಗಿ ಕೆಲಸ ಬಿಟ್ಟರೆ ಆ ಹೊತ್ತಿನ ಕೂಲಿ ದೊರೆಯುತ್ತಿರಲಿಲ್ಲ. ಆ ನಷ್ಟವನ್ನು ತುಂಬಿಕೊಡಲು ಅಲ್ಲಿನ ಕ್ಲಬ್ಬುಗಳು ಬಯಸಿದವು. ಹಣ ಪಡೆದು ಆಡುವುದು ಸಲ್ಲದೆಂದು ರಗ್ಬಿಯ ಕೇಂದ್ರ ಸಂಸ್ಥೆ ನಿರಾಕರಿಸಿತು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿದ ಸುಮಾರು 20 ಕ್ಲಬ್ಬುಗಳ ಪ್ರತಿನಿಧಿಗಳು ಬೇರೆಯೇ ಒಕ್ಕೂಟವನ್ನು ರಚಿಸಿಕೊಂಡರು. 1906ರಲ್ಲಿ ಒಂದು ತಂಡದ ಆಟಗಾರರ ಸಂಖ್ಯೆಯನ್ನು 15ರಿಂದ 13ಕ್ಕೆ ಇಳಿಸಿದಾಗ ಅದು ಪ್ರತ್ಯೇಕ ಆಟವೇ ಆಯಿತು. ದುಡಿಯುವವನ ಕೂಲಿಗೆ ಬೆಲೆಯಿರಬೇಕೆಂಬ ಹಠದಿಂದ ಹುಟ್ಟಿದ ಈ ಆಟವನ್ನು ಆ ಊರುಗಳ ಜನ ತಮ್ಮ ಮನೆಯ ಸ್ವತ್ತಿನಂತೆ ಕಾಣುವುದು ಸಹಜವಲ್ಲವೇ?

ಉಣ್ಣೆ ಗಿರಣಿಗಳಿಗೆ ಹೆಸರಾದ ಬ್ರಾಡ್‌ಫರ್ಡ್ ನಗರದ ಕ್ಲಬ್ಬು ಆ ಒಕ್ಕೂಟದ ಸ್ಥಾಪಕ ಸದಸ್ಯರಲ್ಲೊಂದು. 1907ರಲ್ಲಿ ಅದು ರಗ್ಬಿಯನ್ನು ತೊರೆದು ಕಾಲ್ಚೆಂಡಾಟದ ಕಡೆಗೆ ಹೊರಳಿತು. ಅದನ್ನು ಒಪ್ಪದವರು ಹೊರಬಂದು ‘ಬ್ರಾಡ್‌ಫರ್ಡ್ ನಾರ್ದರ್ನ್’ ಎಂಬ ಹೊಸ ಕ್ಲಬ್ಬನ್ನು ಕಟ್ಟಿದರು. ನಗರದ ಕಸ ಸುರಿಯುತ್ತಿದ್ದ ತಗ್ಗುನೆಲವೊಂದನ್ನು ಬೋಗುಣಿಯ ಆಕಾರಕ್ಕೆ ತಂದು ನಿರ್ಮಿಸಿದ ಓಡ್ಸಲ್ ಕ್ರೀಡಾಂಗಣ 1934ರಲ್ಲಿ ಅವರ ನೆಲೆಯಾಯಿತು. 1954ರ ಮೇ 5ರಂದು ವಾರಿಂಗ್ಟನ್ ಮತ್ತು ಹ್ಯಾಲಿಫ್ಯಾಕ್ಸ್ ತಂಡಗಳ ನಡುವೆ ಅಲ್ಲಿ ನಡೆದ ಪಂದ್ಯವನ್ನು ಅಧಿಕೃತ ಲೆಕ್ಕದಂತೆ 1,02,569 ಜನ ನೋಡಿದರು. ಆದರೆ 1963ರ ನವೆಂಬರಿನಲ್ಲಿ ಅದೇ ಅಂಗಳಕ್ಕೆ ಬ್ರಾಡ್‌ಫರ್ಡ್ ತಂಡದ ಆಟ ನೋಡಲು ಬಂದವರು 324 ಮಂದಿ ಮಾತ್ರ. ಮರುತಿಂಗಳು ಕ್ಲಬ್ಬು ಮುಚ್ಚಿತು. ಟ್ರೆವರ್ ಫಾಸ್ಟರ್, ಜೋ ಫಿಲಿಪ್ಸ್ ಮೊದಲಾದ ಹಳೆಯ ಆಟಗಾರರು ಊರವರನ್ನು ಒಟ್ಟುಗೂಡಿಸಿ 1964ರಲ್ಲಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು.

1996ರಲ್ಲಿ ‘ಸೂಪರ್ ಲೀಗ್’ ಆರಂಭವಾದಾಗ ಕ್ಲಬ್ಬು ‘ಬ್ರಾಡ್‌ಫರ್ಡ್ ಬುಲ್ಸ್’ ಎಂಬ ಹೆಸರು ತಳೆಯಿತು. 1997, 2001, 2003 ಮತ್ತು 2005ರಲ್ಲಿ ಲೀಗ್ ಪ್ರಶಸ್ತಿ ಅದರ ಪಾಲಾಯಿತು. ಮೂರು ಬಾರಿ ಆಸ್ಟ್ರೇಲಿಯದ ಚಾಂಪಿಯನ್ ತಂಡವನ್ನೂ ಸೋಲಿಸಿತು. ಅನಂತರ ಇಳಿಗಾಲ ಬಂದಿತು. 2012ರ ಜನವರಿಯಲ್ಲಿ ಓಡ್ಸಲ್ ಅಂಗಳದ ಗುತ್ತಿಗೆಯ ಹಕ್ಕನ್ನು ಆಟದ ಆಡಳಿತ ಸಂಸ್ಥೆಗೆ ಮಾರಲಾಯಿತು. ಮಾರ್ಚ್ ಕೊನೆಯಲ್ಲಿ, ಕ್ಲಬ್ಬು ಉಳಿಯಬೇಕಾದರೆ 10 ಲಕ್ಷ ಪೌಂಡ್ ಬೇಕು, ಅದರಲ್ಲಿ ಅರ್ಧ ಕೆಲವೇ ದಿನಗಳಲ್ಲಿ ಬೇಕು ಎಂದು ಆಡಳಿತ ಮಂಡಳಿಯು ಜನರ ಮುಂದೆ ಕೈಯೊಡ್ಡಿತು. ಜನ ಕೊಟ್ಟರು. ಎದುರಾಳಿ ತಂಡಗಳ ಅಭಿಮಾನಿಗಳೂ ಕೊಟ್ಟರು. ಆದರೂ ಜೂನ್ ತಿಂಗಳು ಮುಗಿಯುವ ಮೊದಲೇ, ಸಾಲ ತೀರಿಸಲಾಗದ ಕಂಪನಿಗಳನ್ನು ಕಾನೂನಿನಂತೆ ಒಪ್ಪಿಸುವ ಹೊರಗಿನ ಆಡಳಿತಾಧಿಕಾರಿಯ ವಶಕ್ಕೆ ಕ್ಲಬ್ಬು ಹೋಯಿತು. ಹೊಸ ಮಾಲೀಕರು ಬಂದರು. 2014ರಲ್ಲಿ ಮತ್ತೆ ಅದೇ ಗತಿ. 6 ಅಂಕಗಳ ದಂಡ, ಆ ವರ್ಷವೇ ಕೆಳದರ್ಜೆಗೆ ಇಳಿಕೆ. 2016ರ ನವೆಂಬರಿನಲ್ಲಿ ಮೂರನೆಯ ಬಾರಿ. 2017ರ ಜನವರಿ 3ರಂದು ಕಂಪನಿಯನ್ನೇ ಮುಚ್ಚಲಾಯಿತು. ಆಟಗಾರರೂ ಸಿಬ್ಬಂದಿಯೂ ಕೆಲಸ ಕಳೆದುಕೊಂಡರು.

ಈಗ, 2012ರಲ್ಲಿ ತನ್ನ ಉಳಿತಾಯದಿಂದ ನೂರು ಪೌಂಡ್ ತೆಗೆದುಕೊಟ್ಟ ಒಬ್ಬ ಸಾಧಾರಣ ಅಭಿಮಾನಿಯ ಸ್ಥಾನದಲ್ಲಿ ತಾವು ನಿಂತು ನೋಡಿ. ಅವನ ಕೋಪ ಸೋಲನ್ನು ಕುರಿತದ್ದಲ್ಲ. ಸೋಲು ಅವನಿಗೆ ಹೊಸದಲ್ಲ. ಮಳೆಯಲ್ಲಿ ತೊಯ್ಯುತ್ತಾ ಸೋಲನ್ನು ನೋಡಿ ಮನೆಗೆ ಮರಳುವುದನ್ನು ಅವನು ತಂದೆಯಿಂದಲೇ ಕಲಿತವನು. ಅವನು ಕೇಳುವುದು ಬೇರೆ. ಬೆಂಕಿ ಮಾಳಿಗೆಯನ್ನು ಮುಟ್ಟುವವರೆಗೆ ಹೊಗೆಯ ಸುದ್ದಿಯೇ ನಮಗೆ ಬರಲಿಲ್ಲವೇಕೆ? ನಾವು ಕೊಟ್ಟ ಹಣ ಯಾವ ಬಾಯಿಗೆ ಹೋಯಿತು? ಪ್ರತಿ ಬಾರಿಯೂ ‘ಈ ಸಲ ಎಲ್ಲ ಸರಿಹೋಗುತ್ತದೆ’ ಎಂಬ ಮಾತಿನ ಹಿಂದೆ ಯಾವ ಲೆಕ್ಕವಿತ್ತು? ಅಂದು ಹೊಣೆ ಹೊತ್ತಿದ್ದವರ ಪ್ರಾಮಾಣಿಕತೆಯನ್ನು ಶಂಕಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಪ್ರಾಮಾಣಿಕನಾದವನಿಗೂ ಈ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆ ತಪ್ಪುವುದಿಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಮಾಲೀಕನು ತನ್ನ ಲಕ್ಷಾಂತರ ಹಣವನ್ನು ತೊಡಗಿಸಿದ್ದಾನೆ. ಟಿಕೆಟ್ ಕೊಂಡು ಆಟ ನೋಡಿದವನಿಗೆ ಲೆಕ್ಕ ಕೇಳುವ ಅಧಿಕಾರವೆಲ್ಲಿಯದು? ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಮುಳುಗುವ ಹಡಗನ್ನು ಹತ್ತಲು ಮುಂದೆ ಬಂದವನಿಗೆ ಒಂದಿಷ್ಟು ಕೃತಜ್ಞತೆಯೂ ಸಲ್ಲಬೇಕು. ಆದರೆ ಅವನು ಕೊಂಡದ್ದೇನು? ಕಂಪನಿಯ ಷೇರುಗಳನ್ನು. 1907ರಲ್ಲಿ ಆಡಳಿತ ಬೇರೆ ದಾರಿ ಹಿಡಿದರೂ, 1963ರಲ್ಲಿ ಬಾಗಿಲು ಮುಚ್ಚಿದರೂ, 2017ರಲ್ಲಿ ಕಂಪನಿ ಕೊನೆಗೊಂಡರೂ ಬ್ರಾಡ್‌ಫರ್ಡಿನ ರಗ್ಬಿ ಸಾಯಲಿಲ್ಲ. ಹೆಸರು, ಬಣ್ಣ, ನೆನಪುಗಳು ಜನರಲ್ಲಿ ಉಳಿದಿದ್ದವು. ಆದುದರಿಂದಲೇ ಪ್ರತಿ ಬಾರಿಯೂ ಮತ್ತೆ ಕಟ್ಟಲು ಸಾಧ್ಯವಾಯಿತು. ಷೇರುಗಳ ಮಟ್ಟಿಗೆ ಮಾಲೀಕನು ಒಡೆಯ. ಉಳಿದುದಕ್ಕೆ ಅವನು ಪಾರುಪತ್ಯಗಾರ ಮಾತ್ರ. ಪಾರುಪತ್ಯ ವಹಿಸಿಕೊಂಡವನನ್ನು ಲೆಕ್ಕ ಕೇಳುವುದು ಅವಮಾನವಲ್ಲ, ಅದು ಆ ಹೊಣೆಯ ಸ್ವಭಾವದಲ್ಲಿಯೇ ಇದೆ.

ಹಾಗೆಂದು ಅಭಿಮಾನಿಯೂ ಪೂರ್ತಿ ನಿರ್ದೋಷಿಯೆನ್ನಲಾಗದು. ಇಂಥ ಕ್ಲಬ್ಬುಗಳ ಆದಾಯದ ಬಗೆಯನ್ನು ಗಮನಿಸಿ. ವರ್ಷದ ಟಿಕೆಟ್ಟುಗಳ ಹಣದ ಬಹುಪಾಲು ಆಟ ಆರಂಭವಾಗುವ ಮುನ್ನವೇ ಬರುತ್ತದೆ. ವೇತನಗಳನ್ನು ಮಾತ್ರ ಹನ್ನೆರಡು ತಿಂಗಳೂ ಕೊಡಬೇಕು. ತಂಡ ಸೋಲತೊಡಗಿದರೆ ಪ್ರೇಕ್ಷಕರೂ ಪ್ರಾಯೋಜಕರೂ ಕಡಿಮೆಯಾಗುತ್ತಾರೆ. ಆಟಗಾರರೊಡನೆ ಮಾಡಿಕೊಂಡ ಕರಾರು ಕಡಿಮೆಯಾಗುವುದಿಲ್ಲ. ಕೆಳದರ್ಜೆಗೆ ಇಳಿದರೆ ದೂರದರ್ಶನ ಪ್ರಸಾರದಿಂದ ಬರುವ ಹಣವೂ ಕುಗ್ಗುತ್ತದೆ. ಇದನ್ನು ಬಲ್ಲ ಆಡಳಿತ ಮಂಡಳಿಯೊಂದು ‘ಈ ವರ್ಷ ಹೆಚ್ಚು ಖರ್ಚು ಮಾಡಲಾರೆವು, ಹೆಚ್ಚು ಗೆಲುವನ್ನು ನಿರೀಕ್ಷಿಸದಿರಿ’ ಎಂದು ನಿಜ ನುಡಿದರೆ, ಚಪ್ಪಾಳೆ ತಟ್ಟುವವರೆಷ್ಟು ಮಂದಿ? ಮಹತ್ವಾಕಾಂಕ್ಷೆ ಇಲ್ಲದವರು ತೊಲಗಲಿ ಎಂದು ಕೂಗುವವರೆಷ್ಟು ಮಂದಿ? ಸತ್ಯವನ್ನು ಕೇಳಲು ಸಿದ್ಧರಿಲ್ಲದ ಜನರ ಮುಂದೆ ನಾಯಕರು ಸವಿನುಡಿಯುವುದನ್ನು ಬೇಗ ಕಲಿಯುತ್ತಾರೆ.

ಆದುದರಿಂದ ದೂರು ಹೇಳುವುದಕ್ಕೂ ಒಂದು ಶಿಸ್ತು ಬೇಕು. ಸೋಲನ್ನೂ ಕರ್ತವ್ಯಲೋಪವನ್ನೂ ಬೇರೆಬೇರೆಯಾಗಿ ಕಾಣಬೇಕು. ಎಂಬತ್ತು ನಿಮಿಷಗಳ ಆಟದಲ್ಲಿ ಸೋತದ್ದಕ್ಕೆ ಅಧ್ಯಕ್ಷನನ್ನು ಹಳಿಯುವುದು ನ್ಯಾಯವಲ್ಲ. ಗಾಳಿಮಾತನ್ನು ಬಿಟ್ಟು ದಾಖಲೆಯನ್ನು ನೋಡಬೇಕು; ಬ್ರಿಟನ್ನಿನಲ್ಲಿ ಕಂಪನಿಗಳು ಸರ್ಕಾರಿ ನೋಂದಣಿ ಕಚೇರಿಗೆ ಸಲ್ಲಿಸುವ ಲೆಕ್ಕಪತ್ರಗಳನ್ನು ಯಾರು ಬೇಕಾದರೂ ಓದಬಹುದು. ಹೊಣೆಯನ್ನು ಪ್ರಶ್ನಿಸುವಾಗ ವ್ಯಕ್ತಿಯ ಮನೆಮಂದಿಯನ್ನು ಎಳೆದು ತರಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಕೇಳುವವನು ತಾನೂ ಕೈಜೋಡಿಸಲು ಸಿದ್ಧನಿರಬೇಕು. 1964ರಲ್ಲಿ ಫಾಸ್ಟರ್ ಮತ್ತು ಅವರ ಸಂಗಡಿಗರು ಆಡಳಿತವನ್ನು ಬರಿದೇ ದೂರುತ್ತಾ ಕುಳಿತಿದ್ದರೆ ಓಡ್ಸಲ್ ಮತ್ತೆ ಕಸದ ಗುಂಡಿಯಾಗುತ್ತಿತ್ತೇನೋ.

ನಾಯಕರ ಕಡೆಯ ಕರ್ತವ್ಯವೂ ಅಷ್ಟೇ ಸ್ಪಷ್ಟ. ಕಷ್ಟವಿದ್ದಾಗ ಸಕಾಲದಲ್ಲಿ ತಿಳಿಸಬೇಕು. ಸಕಾಲದಲ್ಲಿ ಹೇಳಿದ ಕೆಟ್ಟ ಸುದ್ದಿ ಉಪಾಯಕ್ಕೆ ಎಡೆಮಾಡುತ್ತದೆ. ತಡವಾಗಿ ಹೇಳಿದ ಅದೇ ಸುದ್ದಿ ಭಿಕ್ಷೆಗೆ ದಾರಿಯಾಗುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನೇ ಬೇಕಾಯಿತು. 2025ರಲ್ಲಿ ಜಾರಿಯಾದ ಫುಟ್ಬಾಲ್ ಆಡಳಿತ ಕಾಯಿದೆಯು ವೃತ್ತಿಪರ ಕಾಲ್ಚೆಂಡಾಟದ ಕ್ಲಬ್ಬುಗಳ ಮೇಲೆ ಸ್ವತಂತ್ರ ನಿಯಂತ್ರಕರನ್ನು ನೇಮಿಸಿ, ಮಾಲೀಕರ ಯೋಗ್ಯತೆಯ ಪರೀಕ್ಷೆಯನ್ನೂ ಅಭಿಮಾನಿಗಳ ಜೊತೆಗಿನ ಸಮಾಲೋಚನೆಯನ್ನೂ ಕಡ್ಡಾಯಗೊಳಿಸಿತು. ರಗ್ಬಿ ಲೀಗ್ ಆ ಕಾಯಿದೆಯ ವ್ಯಾಪ್ತಿಗೆ ಸೇರಿಲ್ಲ. ಸೇರಿದ್ದರೂ, ತಾನಾಗಿ ನಿಜ ಹೇಳುವ ಮನಸ್ಸನ್ನು ಯಾವ ಕಾಯಿದೆ ತಾನೇ ಕೊಟ್ಟೀತು?

ಬ್ರಾಡ್‌ಫರ್ಡಿನ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಹೊಸ ಕಂಪನಿಯ ತಂಡ 2017ರ ಋತುವನ್ನು 12 ಅಂಕಗಳ ಕೊರತೆಯೊಂದಿಗೆ ಆರಂಭಿಸಿ ಮೂರನೆಯ ದರ್ಜೆಗೆ ಕುಸಿದು, 2018ರಲ್ಲಿ ಮೇಲೆದ್ದಿತು. 2019ರಲ್ಲಿ ಓಡ್ಸಲ್ ಬಿಟ್ಟು ಡ್ಯೂಸ್‌ಬರಿಯ ಬಾಡಿಗೆ ಅಂಗಳಕ್ಕೆ ಹೋಗಿ, 2021ರಲ್ಲಿ ಮರಳಿತು. 14 ತಂಡಗಳಿಗೆ ವಿಸ್ತರಿಸಿದ ಸೂಪರ್ ಲೀಗಿನಲ್ಲಿ 2026ರಲ್ಲಿ ಅದಕ್ಕೆ ಮತ್ತೆ ಸ್ಥಾನ ದೊರೆಯಿತು. ಇದನ್ನು ಸುಖಾಂತ್ಯವೆನ್ನಲು ಆತುರಪಡಬೇಕಾಗಿಲ್ಲ. 2012ರ ಪ್ರಶ್ನೆಗಳನ್ನು ಮರೆತರೆ ಅದೇ ಹಾದಿ ಮತ್ತೆ ತೆರೆದೀತು.

ಬಂಧುಗಳೇ, ತಮಗೂ ಪ್ರಿಯವಾದ ಒಂದು ಸಂಘವೋ ಶಾಲೆಯೋ ಸಹಕಾರಿ ಸಂಸ್ಥೆಯೋ ಇದ್ದೇ ಇರುತ್ತದೆ. ನಮ್ಮ ನಿಷ್ಠೆ ಸಲ್ಲಬೇಕಾದದ್ದು ಅದಕ್ಕೆ. ಅದರ ಗದ್ದುಗೆಯಲ್ಲಿ ಇಂದು ಕುಳಿತವರಿಗೆ ಸಲ್ಲಬೇಕಾದದ್ದು ಗೌರವ ಮತ್ತು ನೆರವು, ಜೊತೆಗೆ ಸಕಾಲದ ಪ್ರಶ್ನೆ. ಈ ಮೂರರಲ್ಲಿ ಯಾವುದನ್ನು ನಾವು ಈವರೆಗೆ ಕೊಡದೆ ಉಳಿಸಿಕೊಂಡಿದ್ದೇವೆ? ಮುಂದಿನ ಸಲ ದೇಣಿಗೆಯ ಚೀಟಿ ಮನೆಗೆ ಬಂದಾಗ, ಹಣವನ್ನು ಸಂತೋಷದಿಂದ ಕೊಡಿ. ಕಳೆದ ವರ್ಷದ ಲೆಕ್ಕವನ್ನೂ ಅಷ್ಟೇ ಸೌಜನ್ಯದಿಂದ ಕೇಳಿ.