ಒಂದೇ ವರ್ಷ, ಎರಡು ತಕ್ಕಡಿ

ಹಳೆಯ ವರ್ಷವೊಂದರ 'ಪ್ರಮುಖ ಜಾಗತಿಕ ಘಟನೆಗಳು' ಎಂಬ ಪಟ್ಟಿಯನ್ನು ಓದುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. 1831ನೇ ವರ್ಷವನ್ನೇ ತೆಗೆದುಕೊಳ್ಳಿ. ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ. ಜುಲೈಯಲ್ಲಿ ಬೆಲ್ಜಿಯಂಗೆ ಮೊದಲ ಅರಸ ಬಂದ. ನವೆಂಬರ್‌ನಲ್ಲಿ ತತ್ವಜ್ಞಾನಿ ಹೆಗೆಲ್ ತೀರಿಕೊಂಡ. ಡಿಸೆಂಬರ್ 27ರಂದು ಯುವಕ ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗು ಹತ್ತಿ ಹೊರಟ. ಇವೆಲ್ಲ ಸತ್ಯ, ಇವೆಲ್ಲ ದೊಡ್ಡ ಸಂಗತಿಗಳೇ. ಆದರೆ ಆ ಪಟ್ಟಿಯಲ್ಲಿ ನಂದಗಡದ ಹೆಸರು ಇರುವುದಿಲ್ಲ.

ಬೆಳಗಾವಿಯಿಂದ ಖಾನಾಪುರ ದಾಟಿ ಮುಂದೆ ಹೋದರೆ ನಂದಗಡ ಸಿಗುತ್ತದೆ. 1831ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಸರಕಾರವು ಸಂಗೊಳ್ಳಿ ರಾಯಣ್ಣನನ್ನು ಅಲ್ಲಿ ಗಲ್ಲಿಗೇರಿಸಿತು. ಅವನ ಸಮಾಧಿ ಅಲ್ಲೇ ಇದೆ, ಅದರ ಬಳಿ ಆಲದ ಮರವಿದೆ. ಗಲ್ಲಿನ ದಿನವನ್ನು ಜನವರಿ 26 ಎಂದು ಆಚರಿಸಲಾಗುತ್ತದೆ. ಗಣರಾಜ್ಯ ದಿನದೊಂದಿಗೆ ಅದು ಕೂಡಿಬಂದದ್ದನ್ನು ಭಾಷಣಕಾರರು ಬಹಳ ಹೇಳುತ್ತಾರೆ. ನನಗೆ ಆ ಕಾಕತಾಳೀಯಕ್ಕಿಂತ ಅದೇ ವರ್ಷದ ಇನ್ನೊಂದು ತಾರೀಖು ಹೆಚ್ಚು ಕಾಡುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ.

ರಾಯಣ್ಣ ಕಿತ್ತೂರು ಸಂಸ್ಥಾನದ ಸೇವೆಯಲ್ಲಿದ್ದವನು. 1824ರಲ್ಲಿ ಕಿತ್ತೂರಿನ ದೇಸಾಯಿ ಮಕ್ಕಳಿಲ್ಲದೆ ತೀರಿಕೊಂಡಾಗ ಕಂಪೆನಿ ದತ್ತು ಮಗನನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಮುಂಬಯಿ ಸರಕಾರಕ್ಕೆ ಬರೆದುಕೊಂಡಳು. ಫಲ ಸಿಗಲಿಲ್ಲ. ಅಕ್ಟೋಬರ್ 23ರಂದು ಯುದ್ಧ ನಡೆದು ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. 1829ರಲ್ಲಿ ರಾಣಿ ಬೈಲಹೊಂಗಲದ ಸೆರೆಯಲ್ಲೇ ಕೊನೆಯುಸಿರೆಳೆದಳು. ರಾಯಣ್ಣನ ಮನೆತನಕ್ಕೆ ಸೇವೆಯ ಮಾನ್ಯವಾಗಿ ಬಂದ ಭೂಮಿಯ ಮೇಲೂ ಹೊಸ ಕಂದಾಯ ವ್ಯವಸ್ಥೆಯ ಕೈ ಬಿತ್ತು. 1830ರ ಜನವರಿಯಲ್ಲಿ ಅವನ ತಂಡ ಖಾನಾಪುರ ಸೀಮೆಯ ಬೀಡಿಯ ಕಚೇರಿಗೆ ಬೆಂಕಿ ಹಚ್ಚಿತು. ಬಳಿಕ ಹೋರಾಟ ಕಾಡಿಗೆ ಹೊಕ್ಕಿತು. ಕಚೇರಿ ಸುಡುವುದೆಂದರೆ ಅಲ್ಲಿದ್ದ ಲೆಕ್ಕಪತ್ರ ಸುಡುವುದು. ಬಾಕಿ ಯಾರದ್ದು, ಭೂಮಿ ಯಾರದ್ದು ಎಂದು ಬರೆದಿಟ್ಟ ಕಾಗದವೇ ಆಗ ರೈತನ ಎದುರು ನಿಂತ ಆಯುಧವಾಗಿತ್ತು.

ಸರಕಾರದ ಲೆಕ್ಕದಲ್ಲಿ ಇದು ದರೋಡೆ, ದಂಗೆ. ಲಾವಣಿಕಾರರ ಲೆಕ್ಕದಲ್ಲಿ ಇದು ಶೌರ್ಯ. ಒಂದೇ ಕೃತ್ಯಕ್ಕೆ ಎರಡು ಹೆಸರು. ಹಾಗಾದರೆ ಸರಿ-ತಪ್ಪು ಎನ್ನುವುದು ಹೆಸರಿಡುವವನ ಕೈಯಲ್ಲಿದೆಯೇ? ಗೆದ್ದವನು ಕೊಟ್ಟದ್ದೇ ತೀರ್ಪೇ? ಇಂದು ನಾವು ಅವನನ್ನು ವೀರನೆನ್ನುವುದು ಕೂಡ 1947ರಲ್ಲಿ ಗೆಲುವು ನಮ್ಮದಾದ ಕಾರಣಕ್ಕೆ ಮಾತ್ರವೇ? ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಈಗ ಆ ಇನ್ನೊಂದು ತಾರೀಖಿಗೆ ಬರೋಣ. ರಾಯಣ್ಣನ ಗಲ್ಲಾಗಿ ಒಂಬತ್ತು ತಿಂಗಳಾಗುವಷ್ಟರಲ್ಲಿ, 1831ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡ. ಕಾರಣವೇನು? ನಗರ ಸೀಮೆಯಲ್ಲಿ ರೈತರು ಕಂದಾಯದ ಭಾರ ತಾಳಲಾರದೆ ದಂಗೆಯೆದ್ದಿದ್ದರು. ಪ್ರಜೆಗಳು ದಂಗೆಯೆದ್ದರೆಂದರೆ ಅರಸನ ಆಡಳಿತ ಕೆಟ್ಟಿದೆ ಎಂದರ್ಥ, ಆದ್ದರಿಂದ ಅಧಿಕಾರ ನಮಗೆ ಸೇರಬೇಕು ಎನ್ನುವುದು ಕಂಪೆನಿಯ ವಾದ. (ವರ್ಷವರ್ಷವೂ ಕಂಪೆನಿಗೆ ತೆರಬೇಕಾಗಿದ್ದ ಲಕ್ಷಾಂತರ ರೂಪಾಯಿಯ ಕಪ್ಪವೂ ಆ ಖಜಾನೆಯ ಮೇಲಿದ್ದ ಹೊರೆಯೇ ಎಂಬುದನ್ನು ಅವರು ಒತ್ತಿ ಹೇಳಲಿಲ್ಲ.) ಜನವರಿಯಲ್ಲಿ ನಂದಗಡದಲ್ಲಿ ದಂಗೆಯು ದಂಗೆಕೋರನ ಅಪರಾಧವಾಗಿತ್ತು. ಅಕ್ಟೋಬರ್‌ನಲ್ಲಿ ನಗರದ ದಂಗೆಯು ಆಳುವವನ ಅಪರಾಧಕ್ಕೆ ಸಾಕ್ಷಿಯಾಯಿತು. ತೂಗಿದವರು ಒಬ್ಬರೇ, ತಕ್ಕಡಿ ಮಾತ್ರ ಎರಡು.

ನನ್ನ ಮಟ್ಟಿಗೆ ಉತ್ತರದ ಮೊದಲ ಎಳೆ ಸಿಗುವುದು ಇಲ್ಲಿ. ಕಂಪೆನಿಯ ತೀರ್ಪನ್ನು ನಾವು ತಪ್ಪೆನ್ನುವುದು ಅದು ಪರಕೀಯರದ್ದು ಎಂಬ ಕಾರಣಕ್ಕಲ್ಲ. ಅನ್ಯರಿಗೆ ಅನ್ವಯಿಸಿದ ನಿಯಮವನ್ನು ಅದು ತನಗೆ ಅನ್ವಯಿಸಿಕೊಳ್ಳಲಿಲ್ಲ. ಇದನ್ನು ಹೇಳಲು ಗೆದ್ದಿರಬೇಕಾಗಿಲ್ಲ. 1831ರಲ್ಲಿ ಸೋತವನೂ ಹೇಳಬಹುದಿತ್ತು. ಆದರೆ ಈ ಅಳತೆಗೋಲನ್ನು ಕೈಗೆತ್ತಿಕೊಂಡರೆ ಅದನ್ನು ನಮ್ಮವರ ಮುಂದೆಯೂ ಹಿಡಿಯಬೇಕಾಗುತ್ತದೆ.

ಅದೇ ಆಗಸ್ಟ್‌ನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮ ದಂಗೆಯೆದ್ದ. ಗುಲಾಮಗಿರಿಗಿಂತ ದೊಡ್ಡ ಅನ್ಯಾಯ ಯಾವುದಿದೆ? ಅರ್ಜಿ ಬರೆಯಲೂ ಅವನಿಗೆ ಕಚೇರಿಯಿರಲಿಲ್ಲ. ಆದರೆ ಅವನ ಗುಂಪು ಐವತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಅದರಲ್ಲಿ ಹೆಂಗಸರೂ ಎಳೆಯ ಮಕ್ಕಳೂ ಇದ್ದರು. ಪ್ರತೀಕಾರವಾಗಿ ಬಿಳಿಯರು ದಂಗೆಗೆ ಸಂಬಂಧವೇ ಇಲ್ಲದ ಎಷ್ಟೋ ಕರಿಯರನ್ನು ಕೊಂದರು. ಟರ್ನರ್‌ನನ್ನು ನವೆಂಬರ್‌ನಲ್ಲಿ ಗಲ್ಲಿಗೇರಿಸಲಾಯಿತು. ಅವನು ಏಕೆ ಎದ್ದ ಎಂಬುದು ಅರ್ಥವಾಗುತ್ತದೆ. ತೊಟ್ಟಿಲ ಮಗುವನ್ನು ಏಕೆ ಕೊಂದರು ಎಂಬುದಕ್ಕೆ ಮಾತ್ರ ಗುಲಾಮಗಿರಿಯ ಕ್ರೌರ್ಯ ಕಾರಣ ಕೊಡಬಹುದೇ ಹೊರತು ಸಮರ್ಥನೆ ಕೊಡಲಾರದು. ಹೀಗೆ ಹೇಳಿದರೆ ದಮನಿತರ ಪಕ್ಷ ಬಿಟ್ಟಂತಾಯಿತೆಂದು ಕೆಲವರು ಆಕ್ಷೇಪಿಸಬಹುದು. ನನಗೆ ಹಾಗನಿಸುವುದಿಲ್ಲ.

ಕಿತ್ತೂರಿನವರು ಏನು ಮಾಡಿದರು ನೋಡಿ. 1824ರ ಯುದ್ಧದಲ್ಲಿ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಅವರ ಕೈಗೆ ಸೆರೆಸಿಕ್ಕರು. ಅವರನ್ನು ಕೊಲ್ಲಲಿಲ್ಲ, ಬಿಟ್ಟುಕೊಟ್ಟರು. ಆ ವಾಲ್ಟರ್ ಎಲಿಯಟ್ ಮುಂದೆ ಕರ್ನಾಟಕದ ನೂರಾರು ಶಾಸನಗಳನ್ನು ಪ್ರತಿಮಾಡಿಸಿ ನಮ್ಮ ಇತಿಹಾಸಕ್ಕೆ ದಾರಿಮಾಡಿಕೊಟ್ಟ. ಫಲ ಒಳ್ಳೆಯದಾಯಿತೆಂದು ಆ ಔದಾರ್ಯ ದೊಡ್ಡದಲ್ಲ. ಎಲಿಯಟ್ ಬರಿಯ ಗುಮಾಸ್ತನಾಗಿ ಸತ್ತಿದ್ದರೂ ಸೆರೆಯಾಳನ್ನು ಕೊಲ್ಲದಿರುವುದು ಸರಿಯೇ.

ಆ ವರ್ಷ ಗಲ್ಲುಗಂಬಗಳಿಗೆ ಬಿಡುವಿರಲಿಲ್ಲ. ಬಂಗಾಳದಲ್ಲಿ ಜಮೀನುದಾರರ ಮತ್ತು ನೀಲಿ ತೋಟದ ದೊರೆಗಳ ವಿರುದ್ಧ ರೈತರನ್ನು ಸಂಘಟಿಸಿದ ತಿತುಮೀರ್ ನವೆಂಬರ್ 19ರಂದು ತನ್ನ ಬಿದಿರಿನ ಕೋಟೆಯಲ್ಲೇ ಹತನಾದ. ಅವನ ಸೇನಾಪತಿ ಗುಲಾಮ್ ಮಾಸೂಮ್‌ನಿಗೆ ಗಲ್ಲಾಯಿತು. ವೇಲ್ಸ್‌ನ ಮರ್ಥರ್ ಎಂಬಲ್ಲಿ ಕಾರ್ಮಿಕರು ಎದ್ದಾಗ ಸೈನಿಕನೊಬ್ಬನನ್ನು ಇರಿದನೆಂದು ಡಿಕ್ ಪೆಂಡೆರಿನ್ ಎಂಬ ಯುವಕನನ್ನು ಆಗಸ್ಟ್‌ನಲ್ಲಿ ನೇಣಿಗೇರಿಸಿದರು. 1874ರಲ್ಲಿ ಅಮೆರಿಕದಲ್ಲಿ ಸಾಯುತ್ತಿದ್ದ ಬೇರೊಬ್ಬನು ಇರಿದವನು ತಾನೆಂದು ಒಪ್ಪಿಕೊಂಡನೆಂದು ಪತ್ರಿಕೆಯಲ್ಲಿ ಬಂತು. ನಲವತ್ಮೂರು ವರ್ಷ ತಡವಾಗಿತ್ತು.

ರಾಯಣ್ಣನನ್ನು ಹಿಡಿದುಕೊಟ್ಟವರು ಪರಕೀಯರಲ್ಲ. 1830ರಲ್ಲಿ ನಮ್ಮವರೇ ನಂಬಿಸಿ ಹಿಡಿದುಕೊಟ್ಟರು, ಇನಾಮು ಪಡೆದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದ್ರೋಹ ಕ್ಷಮಾರ್ಹವೆಂದಲ್ಲ. ಆದರೆ ಹೆಸರಿನೊಂದಿಗೆ ಊರು, ಊರಿನೊಂದಿಗೆ ಮನೆತನ, ಮನೆತನದೊಂದಿಗೆ ಜಾತಿ ಬರುತ್ತದೆ. ಆಮೇಲೆ ಇನ್ನೂರು ವರ್ಷದ ಹಿಂದಿನ ತಪ್ಪಿಗೆ ಈಗಿನ ಹುಡುಗನೊಬ್ಬ ಶಾಲೆಯಲ್ಲಿ ತಲೆತಗ್ಗಿಸಬೇಕಾಗುತ್ತದೆ. ಅಜ್ಜನ ಸಾಲವನ್ನು ಮೊಮ್ಮಗ ತೀರಿಸುವುದು ರೂಢಿಯಲ್ಲಿದ್ದರೂ ಅಜ್ಜನ ಪಾಪವನ್ನು ಹೊರಿಸುವುದು ಯಾವ ನ್ಯಾಯ?

2020ರ ಆಗಸ್ಟ್‌ನಲ್ಲಿ ಬೆಳಗಾವಿ ಪಕ್ಕದ ಪೀರನವಾಡಿಯಲ್ಲಿ ರಾಯಣ್ಣನ ಪ್ರತಿಮೆಯ ವಿಷಯಕ್ಕೆ ಕನ್ನಡ-ಮರಾಠಿ ಜಗಳವಾಗಿ ಪೊಲೀಸರು ಬರಬೇಕಾಯಿತು. ಕೊನೆಗೆ ವೃತ್ತಕ್ಕೆ ಶಿವಾಜಿಯ ಹೆಸರು, ರಾಯಣ್ಣನ ಪ್ರತಿಮೆಯೂ ಇರಲಿ ಎಂದು ರಾಜಿಯಾಯಿತು. ಒಳ್ಳೆಯದೇ ಆಯಿತು. ಆದರೆ ಅಷ್ಟು ದಿನದ ಗದ್ದಲದಲ್ಲಿ ಬೀಡಿಯ ಕಚೇರಿಯನ್ನು ಅವನು ಏಕೆ ಸುಟ್ಟ, ಆ ಕಾಗದದಲ್ಲಿ ಏನಿತ್ತು ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ಅತ್ತ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರಿದಾಗಲೆಲ್ಲ ಹೊರಗೆ ಪೆಂಡಾಲು ಹಾಕಿಕೊಂಡು ರೈತರು ಕೂರುತ್ತಾರೆ, ಕೈಯಲ್ಲಿ ಮನವಿ ಹಿಡಿದು. ಯಾರಾದರೂ ಮಂತ್ರಿ ಬಂದು ಅದನ್ನು ಇಸಿದುಕೊಳ್ಳುವರೆಂದು ಸಂಜೆಯವರೆಗೂ ಕಾಯುತ್ತಾರೆ.