ಐದನೆಯ ಕಾರಣ

ಡಕಾರ್ ರ್‍ಯಾಲಿ ಎಂಬ ಹಲವು ದಿನಗಳ ಮರುಭೂಮಿ ಓಟದ ಬೈಕ್ ಸವಾರರಲ್ಲಿ ಒಂದು ವರ್ಗವಿದೆ. ಇವರಿಗೆ ಮೆಕ್ಯಾನಿಕ್ ಇಲ್ಲ, ಹಿಂದೆ ಬರುವ ವ್ಯಾನ್ ಇಲ್ಲ. ಸ್ಪ್ಯಾನರ್, ಬಿಡಿಭಾಗಗಳೆಲ್ಲ 80 ಲೀಟರ್ ಅಳತೆಯ ಒಂದು ಪೆಟ್ಟಿಗೆಯಲ್ಲಿ ಹಿಡಿಯಬೇಕು. ಅದನ್ನು ಬಿಡಾರದಿಂದ ಬಿಡಾರಕ್ಕೆ ಸಾಗಿಸುವುದು ಆಯೋಜಕರ ಕೆಲಸ. ಹಗಲೆಲ್ಲ ಮರಳಿನಲ್ಲಿ ಗಾಡಿ ಓಡಿಸಿದವನೇ ರಾತ್ರಿ ನೆಲಕ್ಕೆ ಕೂತು ಏರ್ ಫಿಲ್ಟರ್ ಬದಲಿಸುತ್ತಾನೆ, ಆಯಿಲ್ ಇಳಿಸಿ ಹೊಸದು ಹಾಕುತ್ತಾನೆ, ಟೈರ್ ಕಳಚುತ್ತಾನೆ. ಟೈರಿನೊಳಗೆ ಟ್ಯೂಬ್ ಬದಲು ಮೂಸ್ ಎಂಬ ಫೋಮಿನ ಬಳೆ. ಅದು ಪಂಕ್ಚರ್ ಆಗದು ನಿಜ, ಆದರೆ ಬಿಸಿಯೇರಿದರೆ ಹಾಳಾಗುತ್ತದೆ. ರಿಮ್ಮಿನೊಳಗೆ ಅದನ್ನು ತುರುಕುವುದು ದಣಿದ ಕೈಗಳಿಗೆ ಶಿಕ್ಷೆಯೇ ಸರಿ.

ಪೆಟ್ಟಿಗೆಗೆ ಏನು ಹಾಕಬೇಕು, ಏನು ಬಿಡಬೇಕು ಎಂಬ ಲೆಕ್ಕಾಚಾರ ಮನೆ ಬಿಡುವ ಎಷ್ಟೋ ಮೊದಲೇ ಶುರುವಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ದೈವಕ್ಕೆ ಉಳಿಯುವ ಪಾಲೆಷ್ಟು?

ಭಗವದ್ಗೀತೆಯ ಕೊನೆಯ ಅಧ್ಯಾಯ ಯಾವುದೇ ಕೆಲಸಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ (ಅಂದರೆ ಕ್ರಿಯೆ), ಕಡೆಯಲ್ಲಿ ದೈವ. ಅಧಿಷ್ಠಾನವೆಂದರೆ ದೇಹ, ಕರಣವೆಂದರೆ ಇಂದ್ರಿಯಗಳು ಎಂದು ಶಂಕರರ ಭಾಷ್ಯ. ಕರಣದ ಪಟ್ಟಿಗೆ 450 ಸಿಸಿಯ ಎಂಜಿನ್ನನ್ನೂ ಸೇರಿಸಿದರೆ ಆಚಾರ್ಯರು ಬೇಸರಪಡಲಾರರು. ಗಮನಿಸಬೇಕಾದದ್ದು ಆ ಕ್ರಮ. ದೈವದ ಹೆಸರು ಬರುವುದು ಮೊದಲ ನಾಲ್ಕು ಮುಗಿದ ಮೇಲೆ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟು, ಸವೆದ ಬ್ರೇಕನ್ನು ಹಾಗೇ ಬಿಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸಡಿಲ ನಟ್ಟಿನ ತಪ್ಪನ್ನು ಹಣೆಬರಹದ ಮೇಲೆ ಹೊರಿಸುವುದು ದೈವಕ್ಕೆ ಮಾಡುವ ಅನ್ಯಾಯ.

ಹಾಗೆಂದು ನಾಲ್ಕನ್ನೂ ನೆಟ್ಟಗೆ ಮಾಡಿದವರಿಗೆ ಭರವಸೆಯ ಚೀಟಿಯೇನೂ ಸಿಗುವುದಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ 36ನೆಯವರಾಗಿ ಡಕಾರ್ ಮುಗಿಸಿದರು; ಭಾರತೀಯರಲ್ಲಿ ಅವರೇ ಮೊದಲಿಗರು. 2021ರ ಜನವರಿಯ ಹೊತ್ತಿಗೆ ಅವರಿಗೆ ವರ್ಷಗಳ ಅನುಭವವಿತ್ತು, ಹಿಂದೆ ಒಂದು ತಂಡವಿತ್ತು, ಆ ವರ್ಷದಿಂದ ಕಡ್ಡಾಯವಾದ ಏರ್‌ಬ್ಯಾಗ್ ಜಾಕೆಟ್ಟೂ ಇತ್ತು. ಆದರೂ ಸೌದಿ ಅರೇಬಿಯಾದಲ್ಲಿ ನಾಲ್ಕನೆಯ ಹಂತದಲ್ಲಿ ಬಿದ್ದರು. ವೈದ್ಯರು ಅವರನ್ನು ಔಷಧದಿಂದ ಕೋಮಾದಲ್ಲಿಟ್ಟು ಚಿಕಿತ್ಸೆ ನೀಡಬೇಕಾಯಿತು. ಚೇತರಿಸಿಕೊಂಡು ಊರಿಗೆ ಮರಳಿದರು, ಅದು ನಮ್ಮ ಪುಣ್ಯ. ಎಲ್ಲವೂ ತನ್ನಿಂದಲೇ ಎಂದುಕೊಳ್ಳುವವನ ಕಣ್ಣು ಸರಿಯಿಲ್ಲ ಎಂದು ಗೀತೆಯ ಅದೇ ಅಧ್ಯಾಯ ಮುಂದೆ ಹೇಳುತ್ತದೆ.

ಹಾಗಾದರೆ ಈ ಐದನೆಯ ಕಾರಣ ಎಲ್ಲಿಂದ ಬರುತ್ತದೆ? ಆಕಾಶದಿಂದಲೇ ಇಳಿಯಬೇಕೆಂದೇನಿಲ್ಲ. 2016ರ ಡಕಾರ್‌ನಲ್ಲಿ ಆಸ್ಟ್ರಿಯಾದ ಮಥಿಯಾಸ್ ವಾಕ್ನರ್ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಗೆಲ್ಲುವ ಸಾಲಿನಲ್ಲಿದ್ದ ಪೋರ್ಚುಗಲ್‌ನ ಪಾಲೊ ಗೊನ್ಸಾಲ್ವೆಸ್ ಗಾಡಿ ನಿಲ್ಲಿಸಿ ಅವರ ಪಕ್ಕದಲ್ಲಿ ಉಳಿದರು. ಎರಡು ವರ್ಷಗಳ ನಂತರ ಅದೇ ವಾಕ್ನರ್ ಡಕಾರ್ ಗೆದ್ದರು. ಗೊನ್ಸಾಲ್ವೆಸ್‌ಗೆ ಅದು ಬ್ರೇಕ್ ಹಿಡಿದು ಇಳಿದ ಒಂದು ಚೇಷ್ಟೆ. ಬಿದ್ದಿದ್ದವರ ಪಾಲಿಗೆ ಅದೇ ದೈವ.

2020ರ ಜನವರಿ 12ರಂದು ಡಕಾರ್‌ನಲ್ಲೇ ಗೊನ್ಸಾಲ್ವೆಸ್ ಸ್ವತಃ ಬಿದ್ದರು. ಆಸ್ಟ್ರೇಲಿಯಾದ ಟೋಬಿ ಪ್ರೈಸ್ ನಿಂತರು, ಹೆಲಿಕಾಪ್ಟರಿನಲ್ಲಿ ವೈದ್ಯರು ಬಂದರು. ಜೀವ ಉಳಿಯಲಿಲ್ಲ. ಮರುದಿನ ಬೈಕ್‌ಗಳ ಹಂತವನ್ನು ರದ್ದುಪಡಿಸಿದರು.

ಗಾಯಾಳುವಿಗಾಗಿ ನಿಂತವರಿಗೆ ಕಳೆದುಕೊಂಡ ಸಮಯವನ್ನು ಡಕಾರ್ ಮರಳಿ ಕೊಡುತ್ತದೆ. ನಮ್ಮ ಹೆದ್ದಾರಿಗಳಲ್ಲಿ ಅಂಥ ಲೆಕ್ಕ ಇಡುವವರಿಲ್ಲ; ಆದರೂ ಬಿದ್ದವರಿಗಾಗಿ ನಿಲ್ಲಬೇಕಾಗುತ್ತದೆ. ಲಡಾಖ್‌ಗೋ ಕನ್ಯಾಕುಮಾರಿಗೋ ಬೈಕಿನಲ್ಲಿ ಹೊರಡಲು ತಯಾರಿ ನಡೆಸುತ್ತಿರುವವರು ಚೈನ್ ಲ್ಯೂಬ್, ಕ್ಲಚ್ ಕೇಬಲ್ ಕೊಳ್ಳುವ ವಾರವೇ ಪ್ರಥಮ ಚಿಕಿತ್ಸೆಯ ತರಬೇತಿಗೂ ಒಂದು ದಿನ ತೆಗೆದಿಡಿ.